ಪ್ಯಾರಾಮೋಟರ್ ಹಾರಿಸುವ ಮೊದಲು: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಯಾರಾಮೋಟರ್ ಅಂದರೆ ಬೆನ್ನಿಗೆ ಪ್ರೊಪೆಲ್ಲರ್ ಇರುವ ಎಂಜಿನ್, ತಲೆಯ ಮೇಲೆ ಪ್ಯಾರಾಚೂಟಿನಂಥ ಬಟ್ಟೆಯ ರೆಕ್ಕೆ, ಅದೇ ವಿಂಗ್. ಬೀಚಿನಲ್ಲಿ ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ನಿಂತರೆ ಸಾಕು, ಸುತ್ತ ಜನ ಸೇರುತ್ತಾರೆ. ಕೆಲವರು ಹಾರಲು ಕಲಿಯುತ್ತಿರುವವರು, ಕೆಲವರು ಹೊಸ ಮಷಿನ್ ತಗೊಂಡವರು, ಕೆಲವರು ಬಲೆ ಎಳೆಯಲು ಬಂದವರು. ಎಲ್ಲರಿಗೂ ಅಲ್ಲೇ ನಿಂತು ಉತ್ತರ ಕೊಡಲು ಹೋದರೆ ನನ್ನ ಚೆಕ್ ಅರ್ಧಕ್ಕೆ ನಿಲ್ಲುತ್ತದೆ, ಅದು ಎಷ್ಟು ಅಪಾಯ ಅಂತ ಕೆಳಗೆ ಬರೆದಿದ್ದೇನೆ. ಅದಕ್ಕೇ ಇಲ್ಲಿ ಒಟ್ಟು ಮಾಡಿ ಹಾಕುತ್ತಿದ್ದೇನೆ. ಇದನ್ನು ಓದಿ ಹಾರಲು ಕಲಿಯಲು ಆಗುವುದಿಲ್ಲ. ಅದನ್ನು ಗೊತ್ತಿರುವವರ ಪಕ್ಕ ನಿಂತು, ತಿಂಗಳುಗಟ್ಟಲೆ ವಿಂಗ್ ಎತ್ತಿ ಇಳಿಸಿ ಕಲಿಯಬೇಕು. ಕಲಿತವರು ಪ್ರತಿ ಸಲ ಏನು ನೋಡಬೇಕು ಅನ್ನುವುದಷ್ಟೇ ಇಲ್ಲಿ ಉಂಟು.

ಮ್ಯಾನುಯಲ್‌ನಲ್ಲೇ ಚೆಕ್‌ಲಿಸ್ಟ್ ಉಂಟಲ್ಲ, ಅದು ಸಾಲದಾ?

ಅದು ಬೇಕೇ ಬೇಕು, ಆದರೆ ನಮ್ಮ ಊರಿಗೆ ಅದಷ್ಟೇ ಸಾಲದು. ಆ ಮ್ಯಾನುಯಲ್ ಬರೆದವರು ಯುರೋಪಿನ ಒಣ ಹುಲ್ಲುಗಾವಲು ನೋಡಿ ಬರೆದಿದ್ದಾರೆ. ನಮ್ಮಲ್ಲಿ ಗಾಳಿಯಲ್ಲೇ ಉಪ್ಪು. ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆ ಒಣಗುವುದಿಲ್ಲ, ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಇಲ್ಲಿ ಮಷಿನ್ ಹಾರದೆ ಮೂಲೆಯಲ್ಲಿ ಕೂತರೂ ಹಾಳಾಗುತ್ತಲೇ ಇರುತ್ತದೆ. "ಕಳೆದ ಸಲ ಸರಿ ಇತ್ತು" ಅನ್ನುವ ಮಾತಿಗೆ ಅರ್ಥವೇ ಇಲ್ಲ, ಕಳೆದ ಸಲದಿಂದ ಈ ಸಲಕ್ಕೆ ಉಪ್ಪು ತನ್ನ ಕೆಲಸ ಮಾಡಿರುತ್ತದೆ.

ಹಾಗಾಗಿ ನಾನು ಚೆಕ್ ಅನ್ನು ಎರಡು ಪಾಲು ಮಾಡಿದ್ದೇನೆ. ದೊಡ್ಡ ಪಾಲು ಹಿಂದಿನ ಸಂಜೆ ಮನೆಯ ಜಗಲಿಯಲ್ಲಿ, ಒಳ್ಳೆ ಲೈಟ್ ಹಾಕಿ, ಸ್ಪ್ಯಾನರ್ ಪಕ್ಕದಲ್ಲಿಟ್ಟು. ಸಣ್ಣ ಪಾಲು ಬೀಚಿನಲ್ಲಿ ಅಥವಾ ಗದ್ದೆಯಲ್ಲಿ. ಬೀಚಿಗೆ ಹೋದ ಮೇಲೆ ಗಾಳಿ ಚೆನ್ನಾಗಿರುತ್ತದೆ, ಗೆಳೆಯರು ಕಾಯುತ್ತಿರುತ್ತಾರೆ, ಮನಸ್ಸು ಆಗಲೇ ಮೇಲೆ ಹೋಗಿರುತ್ತದೆ. ಆಗ ಒಂದು ಬಿರುಕು ಕಂಡರೂ "ಇರಲಿ, ಇದೊಂದು ಸಲ" ಅನ್ನಿಸುತ್ತದೆ. ಜಗಲಿಯಲ್ಲಿ ಹಾಗೆ ಅನ್ನಿಸುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಮೊದಲ ಸಲ ತೆಗೆಯುವಾಗ ಏನು ನೋಡಬೇಕು?

ಇದಕ್ಕೆ ಒಂದು ಇಡೀ ಭಾನುವಾರ ಇಡಿ. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಅಲ್ಲ.

ಮೊದಲು ಸೈಲೆನ್ಸರ್ ಬಾಯಿ ಮತ್ತು ಗಾಳಿ ಎಳೆಯುವ ಬಾಕ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಕಣಜ ಮಣ್ಣಿನ ಗೂಡು ಕಟ್ಟಲು ಇಂಥ ಕೊಳವೆಗಳನ್ನೇ ಹುಡುಕುತ್ತದೆ. ನನ್ನದರಲ್ಲಿ ಒಂದು ವರ್ಷ ಏರ್ ಬಾಕ್ಸ್ ಒಳಗೆ ಗೂಡಿತ್ತು, ನೋಡದೆ ಸ್ಟಾರ್ಟ್ ಮಾಡಿದ್ದರೆ ಆ ಮಣ್ಣೆಲ್ಲ ಸಿಲಿಂಡರ್ ಒಳಗೆ. ಆಮೇಲೆ ವಿಂಗ್ ಚೀಲ. ಇಲಿ ಕಚ್ಚಿದೆಯಾ, ಗೆದ್ದಲು ಬಂದಿದೆಯಾ, ಬೂಷ್ಟಿನ ವಾಸನೆ ಉಂಟಾ? ಮೂಗು ಇಲ್ಲಿ ಒಳ್ಳೆ ಉಪಕರಣ.

ಎಂಜಿನ್‌ನಲ್ಲಿ ರಬ್ಬರ್ ಇರುವ ಕಡೆಯೆಲ್ಲ ಕೈ ಹಾಕಿ. ಎಂಜಿನ್ ಕೂತಿರುವ ರಬ್ಬರ್ ಮೌಂಟ್‌ಗಳನ್ನು ಸ್ವಲ್ಪ ಎಳೆದು ನೋಡಿದರೆ ಬಿರುಕು ಬಾಯಿ ಬಿಡುತ್ತದೆ, ಸುಮ್ನೆ ನೋಡಿದರೆ ಕಾಣುವುದಿಲ್ಲ. ಪೆಟ್ರೋಲ್ ಪೈಪ್ ಹಳದಿಯಾಗಿ ಗಟ್ಟಿಯಾಗಿದ್ದರೆ ಬದಲಿಸಿ, ಅದರ ರೇಟು ಏನೂ ಅಲ್ಲ. ಡಯಾಫ್ರಮ್ ಇರುವ ಕಾರ್ಬರೇಟರ್ ಆದರೆ ಅದರೊಳಗಿನ ತೆಳ್ಳಗಿನ ಹಾಳೆ ಗಟ್ಟಿಯಾಗಿರುತ್ತದೆ. ಎಂಜಿನ್ ಐಡಲ್‌ನಲ್ಲಿ ಸರಿಯಾಗಿ ಓಡಿ, ಥ್ರಾಟಲ್ ಕೊಟ್ಟಾಗ ಉಸಿರು ಕಟ್ಟಿದ ಹಾಗೆ ಮಾಡಿದರೆ ಮೊದಲ ಅನುಮಾನ ಅದರ ಮೇಲೆ. ನಾನು ಪ್ರತಿ ಅಕ್ಟೋಬರ್‌ನಲ್ಲಿ ಆ ಕಿಟ್ ಹೊಸದು ಹಾಕುತ್ತೇನೆ, ಕೆಟ್ಟಿದೆಯಾ ಇಲ್ಲವಾ ಅಂತ ನೋಡಲು ಹೋಗುವುದಿಲ್ಲ.

ಸೈಲೆನ್ಸರ್ ಹಿಡಿದಿರುವ ಸ್ಪ್ರಿಂಗ್‌ಗಳನ್ನು ಮರೆಯಬೇಡಿ. ಕಂಪನಕ್ಕೆ ಅವು ತುಂಡಾಗುತ್ತವೆ, ತುಕ್ಕು ಹಿಡಿದಿದ್ದರೆ ಇನ್ನೂ ಬೇಗ. ತುಂಡಾದ ಸ್ಪ್ರಿಂಗ್ ನೇರ ಪ್ರೊಪೆಲ್ಲರ್‌ಗೆ ಹೋಗುತ್ತದೆ. ಅದಕ್ಕೇ ಸ್ಪ್ರಿಂಗ್ ಒಳಗಿಂದ ಒಂದು ಲಾಕ್ ವೈರ್ ಹಾಯಿಸಿ ಕಟ್ಟಿಡುವುದು.

ತುರ್ತಿಗೆ ಇಟ್ಟುಕೊಳ್ಳುವ ರಿಸರ್ವ್ ಪ್ಯಾರಾಚೂಟ್ ಇದ್ದರೆ ಅದನ್ನು ಬಿಚ್ಚಿ, ಒಣ ಕೋಣೆಯಲ್ಲಿ ಹರಡಿ, ಮತ್ತೆ ಮಡಚಿಸಬೇಕು. ತೇವಕ್ಕೆ ಬಟ್ಟೆಯ ಮಡಿಕೆಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ, ಒಳಗಿನ ರಬ್ಬರ್ ಬ್ಯಾಂಡ್ ಅಂಟಂಟಾಗುತ್ತದೆ. ಮಡಚುವುದು ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಪೆಟ್ರೋಲ್‌ಗೆ ಆಯಿಲ್ ಎಷ್ಟು? ಈಗಿನ ಎಥನಾಲ್ ಪೆಟ್ರೋಲ್ ಹಾಕಬಹುದಾ?

ಈ ಎಂಜಿನ್‌ಗಳು ಹೆಚ್ಚಿನವು ಟೂ ಸ್ಟ್ರೋಕ್, ಹಾಗಾಗಿ ಆಯಿಲ್ ಪೆಟ್ರೋಲ್ ಜೊತೆಗೇ ಬೆರೆಸಬೇಕು. ಎಷ್ಟು ಅಂತ ನಿಮ್ಮ ಎಂಜಿನ್ ಮಾಡಿದವರು ಹೇಳಿರುತ್ತಾರೆ, ಅದನ್ನೇ ಹಿಡಿಯಿರಿ. ಶೇ. 2 ಅಂದರೆ 10 ಲೀಟರ್‌ಗೆ 200 ಮಿ.ಲೀ., ಶೇ. 2.5 ಅಂದರೆ 250 ಮಿ.ಲೀ. ಅಂದಾಜಿನಲ್ಲಿ ಸುರಿಯಬೇಡಿ, ಅಳತೆಯ ಲೋಟ ಇಟ್ಟುಕೊಳ್ಳಿ. ಒಳ್ಳೆ ಸಿಂಥೆಟಿಕ್ ಆಯಿಲ್ ತಗೊಳ್ಳಿ. ಮತ್ತೆ ಒಂದು ಮಾತು, ಬೆರೆಸಿದ ಕ್ಯಾನ್ ಮತ್ತು ಬರೀ ಪೆಟ್ರೋಲ್ ಕ್ಯಾನ್ ಬೇರೆ ಬೇರೆ ಬಣ್ಣದ್ದಿರಲಿ. ಆಯಿಲ್ ಇಲ್ಲದ ಪೆಟ್ರೋಲ್ ಹಾಕಿದರೆ ಎಂಜಿನ್ ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡುತ್ತದೆ, ಆಮೇಲೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆ ಸ್ವಲ್ಪ ಹೊತ್ತು ಮುಗಿಯುವಾಗ ನೀವು ತೆಂಗಿನ ತೋಟದ ಮೇಲೆ ಇರುತ್ತೀರಿ.

ಎಥನಾಲ್ ವಿಷಯ. ಈಗ ಪಂಪ್‌ಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಉಂಟು. ಎಥನಾಲ್ ಗಾಳಿಯಲ್ಲಿನ ನೀರನ್ನು ಎಳೆದುಕೊಳ್ಳುತ್ತದೆ, ನಮ್ಮ ಗಾಳಿಯಲ್ಲಿ ನೀರಿಗೇನು ಕಮ್ಮಿ? ನೀರು ಜಾಸ್ತಿಯಾದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಟ್ಯಾಂಕಿನ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ, ಎಂಜಿನ್ ಎಳೆಯುವುದು ಅಡಿಯಿಂದಲೇ. ರಬ್ಬರ್ ಭಾಗಗಳಿಗೂ ಅದು ಒಳ್ಳೆಯದಲ್ಲ. ನಿಮ್ಮ ಎಂಜಿನ್‌ಗೆ ಎಷ್ಟು ಎಥನಾಲ್ ತನಕ ಆಗುತ್ತದೆ ಅಂತ ಮ್ಯಾನುಯಲ್‌ನಲ್ಲಿ ನೋಡಿ. ನಾನು ಮಾಡುವುದು ಇಷ್ಟು: ಹಾರುವ ಹಿಂದಿನ ದಿನವೇ ಜನ ಜಾಸ್ತಿ ಬರುವ ಪಂಪಿನಿಂದ ಹೊಸ ಪೆಟ್ರೋಲ್, ಫಿಲ್ಟರ್ ಇರುವ ಫನಲ್‌ನಿಂದಲೇ ಟ್ಯಾಂಕಿಗೆ, ಹಾರಿ ಉಳಿದದ್ದನ್ನು ಅದೇ ದಿನ ಟ್ಯಾಂಕಿನಿಂದ ಖಾಲಿ. ಹಳೆಯದನ್ನು ಮುಂದಿನ ವಾರಕ್ಕೆ ಇಡುವುದಿಲ್ಲ.

ಟ್ಯಾಂಕಿನ ಗಾಳಿ ರಂಧ್ರ ಮುಚ್ಚಿಲ್ಲ ಅಂತಲೂ ನೋಡಿಕೊಳ್ಳಿ. ಪೆಟ್ರೋಲ್ ಎಳೆಯಲು ಕೈಯಲ್ಲಿ ಒತ್ತುವ ಪ್ರೈಮರ್ ಬಲ್ಬ್ ಒತ್ತಿದಾಗ ಪೈಪಿನಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಆ ದಿನ ಹಾರುವುದು ಬೇಡ.

ಪ್ರೊಪೆಲ್ಲರ್ ತುದಿಗೆ ಸಣ್ಣ ಏಟು ಬಿದ್ದಿದೆ, ಹಾರಬಹುದಾ?

ಉಗುರಿಗೆ ಸಿಕ್ಕುವಷ್ಟು ಏಟು ಆದರೆ ಬೇಡ. ತುದಿಯ ವೇಗ ಶಬ್ದದ ವೇಗದ ಅರ್ಧಕ್ಕಿಂತಲೂ ಜಾಸ್ತಿ ಇರುತ್ತದೆ, ಅಲ್ಲಿ ಸಣ್ಣದು ಅನ್ನುವುದು ಯಾವುದೂ ಇಲ್ಲ. ರಿಪೇರಿ ಮಾಡಿಸಿ, ಬ್ಯಾಲೆನ್ಸ್ ನೋಡಿಸಿ, ಆಮೇಲೆ ಹಾಕಿ.

ಮರದ ಪ್ರೊಪೆಲ್ಲರ್ ಇದ್ದವರಿಗೆ ಇನ್ನೊಂದು ಉಂಟು. ಆಟಿಯಲ್ಲಿ, ಅಂದರೆ ಜೋರು ಮಳೆಯ ತಿಂಗಳಲ್ಲಿ, ನಮ್ಮ ಮನೆ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲವಾ, ಬೇಸಿಗೆಯಲ್ಲಿ ಮತ್ತೆ ಸಡಿಲ ಆಗುತ್ತದಲ್ಲ, ಪ್ರೊಪೆಲ್ಲರ್‌ಗೂ ಅದೇ ಆಗುವುದು. ಮಳೆಗಾಲದಲ್ಲಿ ಬಿಗಿ ಮಾಡಿಟ್ಟ ಬೋಲ್ಟ್ ಡಿಸೆಂಬರ್‌ನ ಒಣ ಗಾಳಿಗೆ ತಾನಾಗಿಯೇ ಸಡಿಲ ಆಗುತ್ತದೆ. ಟಾರ್ಕ್ ಸ್ಪ್ಯಾನರ್ ಇಟ್ಟುಕೊಂಡು, ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಮರ ಜಜ್ಜಿಹೋಗುತ್ತದೆ.

ಪ್ರೊಪೆಲ್ಲರನ್ನು ಕೈಯಲ್ಲಿ ಮೆಲ್ಲ ತಿರುಗಿಸಿ, ಅದರ ಸುತ್ತ ಇರುವ ಕೇಜಿನ ಬಳೆಗೆ ಎಲ್ಲ ಕಡೆ ಒಂದೇ ಅಂತರ ಉಂಟಾ ನೋಡಿ. ಸ್ಪಾರ್ಕ್ ಪ್ಲಗ್ ಕ್ಯಾಪ್ ತೆಗೆದೇ ತಿರುಗಿಸಿ. ಕೇಜಿನ ಬಲೆಯ ಒಂದು ದಾರ ಸಡಿಲ ಇದ್ದರೂ ಅಲ್ಲಿಂದ ಲೈನ್ (ವಿಂಗಿನಿಂದ ಇಳಿಯುವ ದಾರ) ಒಳಗೆ ಹೋಗಲು ದಾರಿ ಆಗುತ್ತದೆ.

ವಿಂಗ್ ನೋಡುವುದು ಹೇಗೆ? ಬಟ್ಟೆ ತಾನೆ?

ಬಟ್ಟೆಯೇ, ಆದರೆ ಗಾಳಿ ಹಾಯದ ಬಟ್ಟೆ. ಬಿಸಿಲು, ಉಪ್ಪು, ಹೊಯ್ಗೆ ಮೂರೂ ಸೇರಿ ಅದರ ಮೇಲಿನ ಲೇಪ ತಿನ್ನುತ್ತವೆ. ಲೇಪ ಹೋದ ವಿಂಗ್ ಮೇಲೇಳಲು ತಡ ಮಾಡುತ್ತದೆ, ಹಿಂದಕ್ಕೆ ಜಗ್ಗುತ್ತದೆ. ಹಾಗೆ ಅನ್ನಿಸಿದರೆ ಗಾಳಿ ಹಾಯುವಿಕೆ ಅಳೆಯುವ ಮೀಟರ್ ಇರುವ ಕಡೆ ಕೊಡಿ. ಹಾಗೆ ಅನ್ನಿಸದಿದ್ದರೂ ವಿಂಗ್ ಮಾಡಿದವರು ಹೇಳಿದ ಗಂಟೆ ಅಥವಾ ವರ್ಷ ಆದಾಗ ಕೊಡಲೇಬೇಕು.

ಮನೆಯಲ್ಲಿ ವಿಂಗಿನ ಒಂದೊಂದು ಕೋಶ (ಗಾಳಿ ತುಂಬುವ ಚೀಲದಂಥ ಭಾಗ) ಬೆಳಕಿಗೆ ಹಿಡಿದು ನೋಡಿ. ಹೊಲಿಗೆ ಬಿಟ್ಟಿದೆಯಾ, ತೂತು ಉಂಟಾ? ಹೊಯ್ಗೆ ಹೆಚ್ಚಾಗಿ ಸೇರುವುದು ಕೋಶಗಳ ಹಿಂದಿನ ಮೂಲೆಯಲ್ಲಿ. ಅದನ್ನು ಅಲುಗಾಡಿಸಿ ಹೊರಗೆ ಹಾಕದಿದ್ದರೆ ಒಂದು ಕಡೆ ಭಾರ ಆಗಿ ವಿಂಗ್ ವಾರೆ ಎದ್ದು ಬರುತ್ತದೆ, ಒಳಗೊಳಗೇ ಹೊಲಿಗೆಯನ್ನೂ ಉಜ್ಜುತ್ತದೆ. ಲೈನ್‌ಗಳನ್ನು ಒಂದೊಂದಾಗಿ ಎರಡು ಬೆರಳಿನ ನಡುವೆ ಎಳೆದು ಹೋಗಿ. ಕಣ್ಣಿಗೆ ಕಾಣದ ಉಬ್ಬು, ತೆಳ್ಳಗಾದ ಜಾಗ ಬೆರಳಿಗೆ ಸಿಗುತ್ತದೆ. ಹೊರಗಿನ ಕವಚ ಸರಿ ಇದ್ದು ಒಳಗಿನ ನೂಲು ತುಂಡಾಗಿರುವುದೂ ಉಂಟು. ವಿಂಗ್ ತಿರುಗಿಸುವ ಬ್ರೇಕ್ ಹಿಡಿಕೆಯ ಗಂಟು, ಬ್ರೇಕ್ ಲೈನ್ ಹಾಯುವ ರಾಟೆ, ರೈಸರ್ (ಲೈನ್‌ಗಳನ್ನು ನಮ್ಮ ಬೆಲ್ಟಿಗೆ ಸೇರಿಸುವ ಪಟ್ಟಿ) ಮತ್ತು ಲೈನ್ ಸೇರುವ ಸಣ್ಣ ಕೊಂಡಿಗಳ ತಿರುಪು ಎಲ್ಲ ನೋಡಿ. ರಾಟೆ ಉಪ್ಪು ಹಿಡಿದು ತಿರುಗದಿದ್ದರೆ ಬ್ರೇಕ್ ಲೈನ್ ಅಲ್ಲೇ ಉಜ್ಜಿ ಸವೆಯುತ್ತದೆ.

ಬೀಚಿನಲ್ಲಿ ವಿಂಗ್ ಹರಡುವ ಮೊದಲು ಹೊಯ್ಗೆ ಮೇಲೆ ಒಂದು ಸುತ್ತು ನಡೆದು ಬನ್ನಿ. ಕೈರಂಪಣಿ, ಅಂದರೆ ದಡದಿಂದ ಕೈಯಲ್ಲೇ ಎಳೆಯುವ ಬಲೆ, ಎಳೆಯುವ ಕಡೆ ಹಗ್ಗದ ತುಂಡು, ಬಲೆಯ ಚೂರು, ಮುರಿದ ಬಾಟಲಿ, ಚಿಪ್ಪು ಬಿದ್ದಿರುತ್ತವೆ. ಒಂದು ಚಿಪ್ಪಿಗೆ ಲೈನ್ ಸಿಕ್ಕಿಕೊಂಡರೂ ಓಡುವಾಗ ಅದೇ ಕಡೆ ಎಳೆಯುತ್ತದೆ. ಬಲೆ ಎಳೆಯುವವರಿದ್ದರೆ ಮೊದಲು ಅವರ ಹತ್ತಿರ ಹೋಗಿ "ಅಣ್ಣ, ಇಲ್ಲಿ ಹಾಕಬಹುದಾ, ನಿಮ್ಮ ಬಲೆ ಯಾವ ಕಡೆ ಬರುತ್ತದೆ" ಅಂತ ಕೇಳಿ. ಅದು ಅವರ ಹೊಟ್ಟೆಪಾಡಿನ ಜಾಗ, ನಾವು ಆಟಕ್ಕೆ ಬಂದವರು. ಗಾಳಿಯ ಬಗ್ಗೆಯೂ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಬೆಳಿಗ್ಗೆ ಬೇಗ ಹೋದರೆ ಗಾಳಿ ಕಮ್ಮಿ ಅಲ್ವಾ, ಬೀಚಿನಿಂದಲೇ ಹಾರಬಹುದಲ್ಲ?

ಎಲ್ಲರೂ ತಪ್ಪುವುದು ಇಲ್ಲೇ. ಗಾಳಿ ಕಮ್ಮಿ ಹೌದು, ಆದರೆ ಯಾವ ಕಡೆಯಿಂದ ಅಂತ ನೋಡಿ. ರಾತ್ರಿ ನೆಲ ತಣ್ಣಗಾಗಿರುತ್ತದೆ, ಹಾಗಾಗಿ ಬೆಳಿಗ್ಗೆ ಗಾಳಿ ಪೂರ್ವದಿಂದ, ಅಂದರೆ ನೆಲದಿಂದ ಕಡಲಿಗೆ. ಇದರಲ್ಲಿ ಎರಡು ಅಪಾಯ. ಮೊದಲನೆಯದು, ಎಂಜಿನ್ ನಿಂತರೆ ಆ ಗಾಳಿ ನಿಮ್ಮನ್ನು ಕಡಲ ಕಡೆಗೇ ತಳ್ಳುತ್ತದೆ. ಎರಡನೆಯದು, ಬೀಚಿನ ಹಿಂದೆ ಸಾಲಾಗಿ ತೆಂಗಿನ ಮರ. ಅವುಗಳನ್ನು ದಾಟಿ ಬರುವ ಗಾಳಿ ಇಳಿಜಾರಿನಲ್ಲಿ ನೀರು ಸುಳಿದ ಹಾಗೆ ಸುಳಿಯುತ್ತದೆ. ಮರದ ಎತ್ತರದ ಹತ್ತು ಪಟ್ಟು ದೂರದ ತನಕವೂ ಆ ಸುಳಿ ಇರಬಹುದು. 20 ಮೀಟರ್ ಮರ ಅಂದರೆ 200 ಮೀಟರ್, ನಮ್ಮ ಹೆಚ್ಚಿನ ಬೀಚುಗಳು ಅಷ್ಟು ಅಗಲವೇ ಇಲ್ಲ.

ಬೆಳಿಗ್ಗೆ ಹಾರಬೇಕು ಅಂದರೆ ಕೊಯ್ಲಾದ ದೊಡ್ಡ ಗದ್ದೆ ಒಳ್ಳೆಯದು, ಯಜಮಾನರನ್ನು ಕೇಳಿ ಇಳಿಯಿರಿ. ಅಲ್ಲಿ ಕರೆಂಟ್ ತಂತಿ ಹುಡುಕಬೇಕು. ತಂತಿ ದೂರದಿಂದ ಕಾಣುವುದಿಲ್ಲ, ಕಂಬ ಕಾಣುತ್ತದೆ, ಆದ್ದರಿಂದ ಕಂಬಗಳನ್ನು ಲೆಕ್ಕ ಹಾಕಿ.

ಬೀಚಿಗೆ ಸಂಜೆ ಹೋಗಿ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬರುತ್ತದೆ, ಅಡ್ಡ ಏನೂ ಇಲ್ಲದ ಕಾರಣ ಒಂದೇ ಸಮ ಇರುತ್ತದೆ. ಮಧ್ಯಾಹ್ನ ಅದು ಜೋರು, ಸೂರ್ಯ ಇಳಿಯುತ್ತಾ ಬಂದ ಹಾಗೆ ಸೌಮ್ಯ. ನವೆಂಬರ್‌ನಿಂದ ಫೆಬ್ರವರಿ ತನಕದ ಸಂಜೆಗಳು ನಮ್ಮಲ್ಲಿ ಅತ್ಯಂತ ಚಂದ. ಆದರೆ ಕತ್ತಲಾಗುವ ಮೊದಲು ಇಳಿದು ಮುಗಿಸಿರಬೇಕು.

ಎಂಜಿನ್ ಸ್ಟಾರ್ಟ್ ಮಾಡುವಾಗ ಯಾರಾದರೂ ಮಷಿನ್ ಹಿಡಿದುಕೊಂಡರೆ ಸಾಕಲ್ಲ?

ಗೊತ್ತಿಲ್ಲದವರು ಹಿಡಿದುಕೊಳ್ಳುವುದಕ್ಕಿಂತ ಯಾರೂ ಹಿಡಿಯದಿರುವುದು ಮೇಲು. ಈ ಆಟದಲ್ಲಿ ಕೈ ಬೆರಳು ಕಳೆದುಕೊಂಡವರಲ್ಲಿ ತುಂಬ ಜನ ಆಕಾಶದಲ್ಲಿ ಅಲ್ಲ, ನೆಲದ ಮೇಲೆ, ಸ್ಟಾರ್ಟ್ ಮಾಡುವಾಗ ಕಳೆದುಕೊಂಡವರು. ಥ್ರಾಟಲ್ ಕೇಬಲ್ ಸಿಕ್ಕಿಕೊಂಡು ಎಂಜಿನ್ ಒಮ್ಮೆಲೇ ಪೂರ್ತಿ ಜೋರಿಗೆ ಹೋದರೆ ಅದು 50ರಿಂದ 75 ಕೆ.ಜಿ. ಬಲದಲ್ಲಿ ಮುಂದಕ್ಕೆ, ಅಂದರೆ ನಿಮ್ಮ ಮೇಲೆಯೇ ನುಗ್ಗುತ್ತದೆ. ತಡೆಯಲು ಕೈ ತಾನಾಗಿ ಮುಂದೆ ಹೋಗುತ್ತದೆ.

ಸ್ಟಾರ್ಟ್ ಮಾಡುವ ಮೊದಲೇ ಥ್ರಾಟಲ್ ಒತ್ತಿ ಬಿಟ್ಟು ನೋಡಿ, ತಟ್ಟನೆ ವಾಪಸು ಬರಬೇಕು. ಉಪ್ಪು ಹಿಡಿದ ಕೇಬಲ್ ಮೆಲ್ಲ ಬರುತ್ತದೆ, ಅದನ್ನು ಬದಲಿಸದೆ ಸ್ಟಾರ್ಟ್ ಮಾಡಲೇಬೇಡಿ. ಥ್ರಾಟಲ್ ಹಿಡಿಕೆ ಕೈಯಲ್ಲಿರಲಿ, ಬೆರಳು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಮೇಲಿರಲಿ. ಸುತ್ತ ನೋಡಿ, ಮಕ್ಕಳು ಮತ್ತು ನಾಯಿಗಳು ಹಿಂದಿನಿಂದ ಬರುತ್ತಾರೆ. ಪ್ರೊಪೆಲ್ಲರ್ ಸುತ್ತುವ ನೇರಕ್ಕೆ ಅಕ್ಕಪಕ್ಕದಲ್ಲಿ ಯಾರೂ ನಿಲ್ಲಬಾರದು. ಗಟ್ಟಿಯಾಗಿ ಕೂಗಿ ಹೇಳಿ, ಒಂದು ಕ್ಷಣ ಕಾದು, ಆಮೇಲೆ ಎಳೆಯಿರಿ. ಎರಡು ಮೂರು ನಿಮಿಷ ಬಿಸಿಯಾಗಲಿ. ಕಿಲ್ ಸ್ವಿಚ್ ಒತ್ತಿ ನಿಲ್ಲಿಸಿ ನೋಡಿ, ಅದು ಕೆಲಸ ಮಾಡದಿದ್ದರೆ ಆ ದಿನದ ಹಾರಾಟ ಅಲ್ಲಿಗೆ ಮುಗಿಯಿತು. ಪೂರ್ತಿ ಥ್ರಾಟಲ್ ಪರೀಕ್ಷೆ ಬೆನ್ನಿಗೆ ಕಟ್ಟಿಕೊಂಡ ಮೇಲೆಯೇ, ಸುಮಾರು 20 ಸೆಕೆಂಡ್. ಶಬ್ದ ಏರಿಳಿದರೆ ಹಾರುವುದು ಬೇಡ.

ವಿಂಗ್ ಮೇಲೆ ಬರೆದ ತೂಕ ನನ್ನ ಮೈತೂಕವಾ?

ಅಲ್ಲ. ನೆಲ ಬಿಟ್ಟು ಮೇಲೇಳುವ ಎಲ್ಲದರ ತೂಕ. ನೀವು 72 ಕೆ.ಜಿ., ಮಷಿನ್ 26, ಎಂಟು ಲೀಟರ್ ಪೆಟ್ರೋಲ್ ಸುಮಾರು 6, ವಿಂಗ್ 6, ಹೆಲ್ಮೆಟ್, ಶೂ, ಬಟ್ಟೆ 4 ಅಂದರೆ ಒಟ್ಟು 114. ಮನೆಯ ತಕ್ಕಡಿಯಲ್ಲಿ ಎಲ್ಲ ಹೊತ್ತುಕೊಂಡು ಒಮ್ಮೆ ನಿಂತು ನೋಡಿ.

ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಬೆಲ್ಟು, ಸೀಟು) ಸರಿ ಮಾಡಿಕೊಳ್ಳುವುದು ಎಲ್ಲಿ?

ಮನೆಯ ಗಟ್ಟಿ ತೊಲೆಗೆ ಹಗ್ಗ ಹಾಕಿ ನೇತಾಡಿ. ಹಳೆ ಮನೆಯ ಮರದ ತೊಲೆಯಾದರೆ ಮೊದಲು ಗೆದ್ದಲು ನೋಡಿ. ನೇತಾಡುವಾಗ ಎಂಜಿನ್ ಸ್ವಲ್ಪವೇ ಹಿಂದಕ್ಕೆ ವಾಲಬೇಕು, ಕೈ ಬ್ರೇಕಿಗೆ ಸಿಗಬೇಕು, ಕೈಯ ಸಹಾಯ ಇಲ್ಲದೆ ಸೀಟಿಗೆ ಕೂರಲು ಆಗಬೇಕು. ರಿಸರ್ವ್ ಹಿಡಿಕೆ ಕಣ್ಣು ಮುಚ್ಚಿ ಹುಡುಕಿ. ರೈಸರ್ ಸಿಕ್ಕಿಸುವ ಲೋಹದ ಕೊಂಡಿಗಳ, ಅಂದರೆ ಕ್ಯಾರಬೈನರ್‌ಗಳ ಬಾಯಿ ತಾನಾಗಿ ಮುಚ್ಚಿ ಲಾಕ್ ಆಗುತ್ತದಾ ನೋಡಿ, ಹೊಯ್ಗೆ ಕಣ ಸೇರಿದರೆ ಅರ್ಧಕ್ಕೆ ನಿಲ್ಲುತ್ತದೆ.

ಕಡಲ ಮೇಲೆ ಹಾರುವಾಗ ಲೈಫ್ ಜಾಕೆಟ್ ಸಾಕಾ? ಎಂಜಿನ್ ನಿಂತರೆ?

ಎಂಜಿನ್ ನಿಂತರೆ ಕಲ್ಲಿನ ಹಾಗೆ ಬೀಳುವುದಿಲ್ಲ, ತೇಲುತ್ತಾ ಇಳಿಯುತ್ತೀರಿ. ಗಾಳಿ ಇಲ್ಲದಾಗ 100 ಮೀಟರ್ ಎತ್ತರಕ್ಕೆ ಅರ್ಧ ಕಿಲೋಮೀಟರ್ ಸಿಗುತ್ತದೆ ಅಂತ ಲೆಕ್ಕ ಹಾಕಿ, ಎದುರು ಗಾಳಿ ಇದ್ದರೆ ತುಂಬ ಕಮ್ಮಿ. ದಡಕ್ಕೆ ಮುಟ್ಟುವಷ್ಟು ಎತ್ತರ ಇಲ್ಲದಿದ್ದರೆ ನೀರಿನ ಮೇಲೆ ಹೋಗಬಾರದು, ಇದರಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಫೋಟೋ ತೆಗೆಯುವ ಆಸೆ ಎಲ್ಲರಿಗೂ ಉಂಟು. ಮೋಟಾರ್ ಕಟ್ಟಿಕೊಂಡು ನೀರಿಗೆ ಬಿದ್ದವನಿಗೆ ಚೆನ್ನಾಗಿ ಈಜಲು ಬಂದರೂ ಪ್ರಯೋಜನ ಕಮ್ಮಿ. ಭಾರ ಬೆನ್ನಿಗೆ, ಲೈನ್‌ಗಳು ಕೈಕಾಲಿಗೆ, ಅಲೆ ವಿಂಗನ್ನು ಎಳೆಯುತ್ತದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ನೋಡಲು ಅಷ್ಟು ಚಂದದ ಜಾಗ ಬೇರೆ ಇಲ್ಲ, ಇಳಿಯಲು ಅಷ್ಟು ಕಷ್ಟದ ಜಾಗವೂ ಇಲ್ಲ.

ಲೈಫ್ ಜಾಕೆಟ್ ಒಂದೇ ಸಾಲದು. ಬೀಚಿನಲ್ಲಿ ಹಾರುವವರು ನೀರು ತಾಗಿದ ಕೂಡಲೇ ತಾನಾಗಿ ಉಬ್ಬುವ ಫ್ಲೋಟ್ ಅನ್ನು ಮಷಿನ್‌ಗೆ ಕಟ್ಟಿಕೊಳ್ಳಬೇಕು, ಅದರ ಗ್ಯಾಸ್ ಸಿಲಿಂಡರ್ ಮತ್ತು ನೀರಿಗೆ ಕರಗಿ ಅದನ್ನು ಉಬ್ಬಿಸುವ ಒಳಗಿನ ಗುಳಿಗೆಯನ್ನು ಪ್ರತಿ ಸೀಸನ್ ನೋಡಬೇಕು. ನಮ್ಮ ತೇವಕ್ಕೆ ಆ ಗುಳಿಗೆ ಸುಮ್ನೆ ಕರಗುವುದುಂಟು. ಲೈನ್ ಕತ್ತರಿಸುವ ಕೊಕ್ಕೆ ಚಾಕು ಕೈಗೆಟಕುವ ಕಡೆ ಇರಲಿ.

ಯಾರ ಅನುಮತಿ ಬೇಕು?

ವಿಮಾನಯಾನದ ನಿಯಮಗಳು ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎದ್ದು, ನೆಲದ ಮೇಲೆ ಜಿಲ್ಲಾಡಳಿತ ಮತ್ತು ಪೊಲೀಸರು. ಬಜ್ಪೆ ವಿಮಾನ ನಿಲ್ದಾಣದ ಸುತ್ತಲಿನ ಆಕಾಶ ನಮ್ಮದಲ್ಲ. ಪಣಂಬೂರಿನಲ್ಲಿ ಬಂದರು ಉಂಟು, ಕೋಸ್ಟ್ ಗಾರ್ಡ್ ಉಂಟು. ಕೇಳದೆ ಹಾರಿದರೆ ಒಬ್ಬನ ತಪ್ಪಿಗೆ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ. ಕಾನೂನಿನಲ್ಲಿ ಬರೆಯದ ಒಂದು ಮಾತನ್ನೂ ಸೇರಿಸುತ್ತೇನೆ: ಕಂಬಳ ನಡೆಯುವ ಕಡೆ ಹತ್ತಿರವೂ ಹೋಗಬೇಡಿ. ಆ ಶಬ್ದಕ್ಕೆ ಕೋಣಗಳು ಬೆದರಿದರೆ ಹಗ್ಗ ಹಿಡಿದವನ ಗತಿ ಏನು ಮಾರಾಯ್ರೆ?

ಓಡುವ ಮೊದಲು ಕೊನೆಗೆ ಏನು ನೋಡುತ್ತೀರಿ?

ತೊಡೆಯ ಬೆಲ್ಟ್. ಮೊದಲು ಅದು, ಕೊನೆಗೂ ಅದು. ಅದು ಹಾಕದೆ ಹಾರಿದರೆ ಹಾರ್ನೆಸ್‌ನಿಂದ ಜಾರಿ ಬೀಳುತ್ತೀರಿ. ಪ್ಯಾರಾಗ್ಲೈಡಿಂಗ್‌ನಲ್ಲಿ ಹಾಗೆ ಸತ್ತವರು ಹೊಸಬರಷ್ಟೇ ಅಲ್ಲ, ಅನುಭವ ಇದ್ದವರೂ ಇದ್ದಾರೆ.

ನನಗೂ ಒಮ್ಮೆ ಆಗುತ್ತಿತ್ತು. ಎಡಗಾಲಿನ ಬೆಲ್ಟ್ ಹಾಕಿದ್ದೆ, ಬಲಗಾಲಿನದ್ದು ಹಿಡಿಯುವಾಗ ಫೋನ್ ಬಂತು. ಮನೆಯಿಂದ, "ಮೀನು ತರುತ್ತೀಯಾ" ಅಂತ ಕೇಳಲು. ಮಾತಾಡಿ ಫೋನ್ ಒಳಗಿಟ್ಟು ಎದೆಯ ಬೆಲ್ಟ್ ಹಾಕಿದೆ, ಹೆಲ್ಮೆಟ್ ಹಾಕಿದೆ, ರೈಸರ್ ಕೊಂಡಿ ಹಾಕಿದೆ. ಎಲ್ಲ ಸರಿ ಅನ್ನಿಸಿತು. ಜೊತೆಗಿದ್ದ ಗೆಳೆಯ ನನ್ನ ಕಾಲ ಹತ್ತಿರ ನೇತಾಡುವ ಕೊಂಡಿ ನೋಡಿ ಓಡಿ ಬಂದು ಎದುರು ನಿಂತ. ಅವತ್ತು ಮತ್ತೆ ಹಾರಲಿಲ್ಲ, ಕಾಲು ನಡುಗುತ್ತಿತ್ತು. ಅಂದಿನಿಂದ ಫೋನ್ ಗಾಡಿಯಲ್ಲೇ ಸೈಲೆಂಟ್ ಮಾಡಿ, ಏರುವಾಗಷ್ಟೇ ಜಿಪ್ ಇರುವ ಕಿಸೆಗೆ. ಚೆಕ್ ಮಧ್ಯೆ ಯಾರೇ ಮಾತಾಡಿಸಲಿ, ನಾನು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ, ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಂದ ಅಲ್ಲ. ನಿಮಗೆ ಉತ್ತರ ಕೊಡದಿದ್ದರೆ ಅಹಂಕಾರ ಅಂತ ತಿಳಿಯಬೇಡಿ.

ಉಳಿದದ್ದು ಬೇಗ ಬೇಗ: ಹೆಲ್ಮೆಟ್ ಬಕಲ್, ಎರಡೂ ಕ್ಯಾರಬೈನರ್ ಲಾಕ್, ರಿಸರ್ವ್ ಪಿನ್, ರೈಸರ್ ತಿರುಚಿಲ್ಲ, ವಿಂಗಿನ ವೇಗ ಹೊಂದಿಸುವ ಟ್ರಿಮ್ಮರ್ ಎರಡೂ ಕಡೆ ಸಮ, ಪ್ರೊಪೆಲ್ಲರ್ ಕಡೆ ಹಾರುವ ದಾರ, ಬೆಲ್ಟ್ ತುದಿ, ಕರ್ಚೀಫು ಯಾವುದೂ ಇಲ್ಲ. ಗಾಳಿ ಇನ್ನೂ ಅದೇ ಕಡೆಯಿಂದ ಉಂಟಾ? ಆಕಾಶ ಖಾಲಿ ಉಂಟಾ? ಪಣಂಬೂರು ಕಡೆ ಗಾಳಿಪಟದ ನೂಲು ಕೂಡ ನೋಡಬೇಕು.

ಒಬ್ಬನೇ ಹೋಗಬಹುದಾ?

ಬೇಡ. ಮೇಲಿನ ಉತ್ತರ ಮತ್ತೆ ಓದಿ.

ಇಳಿದ ಮೇಲೆ ಏನು ಮಾಡಬೇಕು?

ಮಷಿನ್ ಮೇಲಿನ ಉಪ್ಪನ್ನು ಅದೇ ಸಂಜೆ ಸಿಹಿ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ತುಕ್ಕು ಹಿಡಿಯುವ ಕಡೆ ಎಣ್ಣೆ ಸವರಿ. ವಿಂಗ್ ಕಡಲ ನೀರಿಗೆ ಬಿದ್ದಿದ್ದರೆ ಸಿಹಿ ನೀರಿನಲ್ಲಿ ಚೆನ್ನಾಗಿ ತೊಳೆದು, ಸೋಪು ಹಾಕದೆ, ನೆರಳಿನಲ್ಲಿ ಪೂರ್ತಿ ಒಣಗಿಸಿ. ನೀರು ತುಂಬಿದ ವಿಂಗನ್ನು ಒಂದು ಕಡೆ ಹಿಡಿದು ಎತ್ತಬೇಡಿ, ಹೊಲಿಗೆ ಹರಿಯುತ್ತದೆ. ಮಾಡಿನ ಕೆಳಗೆ ಹಗ್ಗ ಕಟ್ಟಿ ಒಣಗಿಸುವಾಗ ಕೆಳಗೆ ಕೋಳಿಗಳು ಬಾರದ ಹಾಗೆ ನೋಡಿಕೊಳ್ಳಿ, ಅವುಗಳ ಉಗುರಿಗೆ ಲೈನ್ ಸಿಕ್ಕಿಕೊಳ್ಳುತ್ತದೆ.

ಆಮೇಲೆ ನಾನು ಒಂದು ನೋಟ್‌ಬುಕ್‌ನಲ್ಲಿ ತಾರೀಕು, ಎಷ್ಟು ನಿಮಿಷ ಹಾರಿದ್ದು, ಏನು ಬದಲಿಸಿದ್ದು, ಯಾವ ಶಬ್ದ ಹೊಸದಾಗಿ ಕೇಳಿತು ಅಂತ ಬರೆಯುತ್ತೇನೆ. ಮುಂದಿನ ಸಲ ಜಗಲಿಯಲ್ಲಿ ಲೈಟ್ ಹಾಕಿ ಕೂತಾಗ ಮೊದಲು ತೆರೆಯುವುದು ಅದೇ ಪುಟವನ್ನು.